ತೊಂಬತ್ತೈದನೆಯ ಗೂಡು

ಬ್ರೋಕನ್ ಹಿಲ್
8 ಮಾರ್ಚ್ 1998

ಗ್ಲೆನಿಸ್,

ನಿನ್ನ ಕಾಗದ ಬಂತು. ಅಜ್ಜನಾದೆ ಎಂಬ ಸುದ್ದಿಯನ್ನು ಮೂರು ವಾರ ತಡವಾಗಿ, ಅದೂ ಷರತ್ತುಗಳ ಸಮೇತ ಕಳಿಸುವ ಮಗಳು ಈ ಊರಿನಲ್ಲಿ ನನಗೊಬ್ಬನಿಗೇ ಇರಬೇಕು. ಮಗುವಿಗೆ ಟೆಸ್ ಎಂದು ಹೆಸರಿಟ್ಟಿದ್ದೀರಂತೆ. ಚಿಕ್ಕ ಹೆಸರು, ಕೂಗಲು ಸುಲಭ, ಅಷ್ಟು ಸಮಾಧಾನ. ನಿನ್ನ ಗಂಡನಿಗೆ ಬಿಟ್ಟಿದ್ದರೆ ಯಾವನಾದರೂ ಸತ್ತುಹೋದ ಸಂಗೀತಗಾರನ ಹೆಸರಿಟ್ಟು ಕೂಸಿನ ಪ್ರಾಣ ತಿನ್ನುತ್ತಿದ್ದ.

'ಕಲ್ಲುಗಳನ್ನು ತರಬೇಡ' ಎಂದು ಅಡಿಗೆರೆ ಎಳೆದು ಬರೆದಿದ್ದೀಯ. ಗಣಿಯ ಪ್ರಯೋಗಶಾಲೆಯಲ್ಲಿ ಜೀವಮಾನವೆಲ್ಲ ಅದಿರು ಪರೀಕ್ಷೆ ಮಾಡಿದವನ ಮಗಳು ನೀನು. ಅವು ಕಲ್ಲುಗಳಲ್ಲ ಮಾರಾಯ್ತಿ, ಮೂಲಧಾತುಗಳು. ಈ ಜಗತ್ತು ಯಾವ್ಯಾವುದರಿಂದ ಆಗಿದೆಯೋ ಅದೆಲ್ಲ ನನ್ನ ಮರದ ಪೆಟ್ಟಿಗೆಯಲ್ಲಿ ಒಂದೊಂದು ಗೂಡಿನಲ್ಲಿ ಕೂತಿದೆ. ನಿನ್ನ ರಸೆಲ್ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತಾನೆ. ಕಂಡವರ ಮನೆಯಲ್ಲಿ ಕೂತು ಬೆಳಗಿನಿಂದ ಸಂಜೆವರೆಗೆ ಒಂದೇ ಸ್ವರವನ್ನು ಟಿಂಗ್ ಟಿಂಗ್ ಎಂದು ಬಡಿಯುವವನು ಸಭ್ಯ ಗೃಹಸ್ಥ, ನಾನು ಹುಚ್ಚ.

ಧಾತು ಕೂಡಿಹಾಕುವ ನಮ್ಮ ಸಂಘದ ಸುದ್ದಿ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ತಿಂಗಳ ಮೊದಲ ಭಾನುವಾರ ಈಗಲೂ ನಾವು ಐದು ಜನ ಪೆಟ್ಟಿಗೆ ಹೊತ್ತುಕೊಂಡು ಚರ್ಚಿನ ಹಿಂದಿನ ಹಾಲ್‌ನಲ್ಲಿ ಸೇರುತ್ತೇವೆ. ಕೀತ್ ಲಾಬ್ ಈಗಲೂ ಉಬ್ಬಿಕೊಂಡು ಬರುತ್ತಾನೆ. ವಿಕಿರಣ ಸೂಸುವ ಸಾಲಿನಲ್ಲಿ ಅವನೂ ನಾನೂ ಸರಿಸಮ. ಥೋರಿಯಂ ಹಳೆಯ ಗ್ಯಾಸ್ ದೀಪದ ಬಲೆಯಿಂದ ಬಂತು. ರೇಡಿಯಂ, ಯುದ್ಧಕಾಲದಲ್ಲಿ ಬಿದ್ದ ವಿಮಾನದ ಗಡಿಯಾರದ ಮುಳ್ಳಿನಿಂದ. ಯುರೇನಿಯಂ ಅದಿರನ್ನು ಪಾಳುಬಿದ್ದ ಗಣಿಯ ದಿಬ್ಬದಲ್ಲಿ ಮಂಡಿಯೂರಿ ಹುಡುಕಿ ತಂದೆ. ನಮ್ಮ ಕಟ್ಟಳೆ ನಿನಗೆ ಮರೆತಿರಬಹುದು. ಅಂಗಡಿಯಿಂದ ಕೊಂಡದ್ದು ಲೆಕ್ಕಕ್ಕಿಲ್ಲ. ಎಲ್ಲೋ ಒಂದು ಮನೆಯಲ್ಲೋ ಕಾರ್ಖಾನೆಯಲ್ಲೋ ದುಡಿದು, ತನ್ನ ಬಾಳು ಮುಗಿಸಿದ ವಸ್ತುವಿನಿಂದ, ನಮ್ಮ ಕೈಯಾರೆ ಬಿಡಿಸಿ ತಂದದ್ದಾಗಬೇಕು. ಕಾಸು ಬಿಸಾಕಿ ಪೆಟ್ಟಿಗೆ ತುಂಬಿಸುವ ಕೆಲಸವನ್ನು ಸಿಡ್ನಿಯ ದಂತವೈದ್ಯರು ಮಾಡಿಕೊಳ್ಳಲಿ.

ಸಿಗಬಹುದಾದದ್ದರಲ್ಲಿ ಇಬ್ಬರಿಗೂ ಸಿಗದೆ ಉಳಿದಿರುವುದು ತೊಂಬತ್ತೈದನೆಯ ಗೂಡಿನದು, ಅಮೆರಿಸಿಯಂ. ಹೊಗೆ ಅಲಾರಂ ಒಳಗೆ ಬೇಳೆಕಾಳಿನಷ್ಟು ಇರುತ್ತದೆ, ಹೊಗೆಯನ್ನು ಮೂಸುವುದೇ ಅದು. ಈ ಊರಿನಲ್ಲಿ ಅಂಥದ್ದನ್ನು ಯಾರು ಇಟ್ಟಿದ್ದಾರೆ? ತಗಡಿನ ಮನೆಗೆ ಬೆಂಕಿ ಬಿದ್ದರೆ ನಾಯಿಯೇ ಎಬ್ಬಿಸುತ್ತದೆ.

ಏಪ್ರಿಲ್ ನಡುವಿನಲ್ಲಿ ಬರುತ್ತೇನೆ. ಕೈ ತೊಳೆಯುತ್ತೇನೆ. ವಿಕಿರಣ ಕಂಡರೆ ಟಿಕ್ ಟಿಕ್ ಎನ್ನುವ ಗೈಗರ್ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಬರುತ್ತೇನೆ. ಸಾಕೋ?

ನಿನ್ನ ತಂದೆ,
ಸಿರಿಲ್ ಪ್ಯಾಸ್ಕೊ


ಹೋಬಾರ್ಟ್
20 ಮಾರ್ಚ್

ಅಪ್ಪಾ,

ಸಾಲದು.

ನನ್ನ ಹತ್ತನೇ ಹುಟ್ಟುಹಬ್ಬಕ್ಕೆ ಬಂದ ಹುಡುಗಿಯರನ್ನು ನೀನು ಬಾಗಿಲಲ್ಲೇ ನಿಲ್ಲಿಸಿ ಅವರ ಬೂಟುಗಳ ಮೇಲೆ ಆ ಟಿಕ್ ಟಿಕ್ ಪೆಟ್ಟಿಗೆ ಆಡಿಸಿದೆ. "ಯಾರ್ಯಾರ ಮನೆ ಅಂಗಳದಲ್ಲಿ ಏನೇನಿದೆ ನೋಡೋಣ" ಅಂದೆ. ನನ್ನ ಗೆಳತಿ ಕೋರಲ್‌ಳ ಬೂಟು ಒಂದಿಷ್ಟು ಜೋರಾಗಿ ಟಿಕ್ ಅಂತು. ಅವಳು ಅಳುತ್ತಾ ಮನೆಗೆ ಓಡಿದಳು. ಕೇಕ್‌ನ ಮುಕ್ಕಾಲು ಪಾಲನ್ನು ನಾನೂ ಅಮ್ಮನೂ ಒಂದು ವಾರ ತಿಂದೆವು. ಅಮ್ಮ ಸತ್ತದ್ದು ನಿನ್ನ ಕಲ್ಲಿನಿಂದಲ್ಲ, ಡಾಕ್ಟರು ಹೇಳಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಅವಳು ಅಷ್ಟು ವರ್ಷ ಹಿಂದಿನ ವೆರಾಂಡದಲ್ಲಿ ಹಾಸಿಗೆ ಹಾಕಿಕೊಂಡು ಧೂಳು ಕುಡಿಯುತ್ತಾ ಮಲಗಿದ್ದು ನಿನ್ನ ಕಲ್ಲಿನಿಂದಲೇ. ನಿನ್ನ ಪೆಟ್ಟಿಗೆಗೆ ಮಲಗುವ ಕೋಣೆ, ಅವಳಿಗೆ ವೆರಾಂಡ.

ಆದ್ದರಿಂದ ಷರತ್ತುಗಳು ಇವು, ನಗಬೇಡ. ಜೇಬಿನಲ್ಲಿ ಏನೂ ಇರಕೂಡದು. ಮಗುವನ್ನು ನೋಡಲು ಬರುವ ದಾದಿಗೆ ಬಾಳೆಹಣ್ಣಿನಲ್ಲೂ ವಿಕಿರಣ ಇದೆ ಎಂದು ಪಾಠ ಮಾಡಕೂಡದು. ರಸೆಲ್‌ನ ಕೆಲಸದ ಬಗ್ಗೆ ಮಾತಾಡಕೂಡದು. ಟೆಸ್ ಒಂದು ತಿಂಗಳು ಮೊದಲೇ ಹುಟ್ಟಿದವಳು, ಶ್ವಾಸಕೋಶ ಇನ್ನೂ ಗಟ್ಟಿಯಾಗಿಲ್ಲ. ಸಣ್ಣ ಶೀತಕ್ಕೂ ನಾವು ಗಾಬರಿ ಬೀಳುತ್ತೇವೆ. ಇಲ್ಲಿ ಆಗಲೇ ಚಳಿ, ಕಟ್ಟಿಗೆ ಒಲೆ ದಿನವಿಡೀ ಉರಿಯುತ್ತದೆ.

ಮತ್ತೊಂದು. ನೀನು ಹೇಳುವ ಆ ಬೇಳೆಕಾಳು ನಮ್ಮ ಮನೆಯಲ್ಲೂ ಒಂದಿದೆ, ಟೆಸ್‌ಳ ಕೋಣೆಯ ಬಾಗಿಲ ಮೇಲೆ. ಹಳೆಯದು, ಮನೆಯ ಜೊತೆಗೇ ಬಂದದ್ದು, ಆದರೆ ಟೋಸ್ಟ್ ಸ್ವಲ್ಪ ಕಪ್ಪಾದರೂ ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತದೆ. ನೀನಾಗಿ ಕಂಡುಹಿಡಿಯುವ ಮೊದಲು ನಾನೇ ಹೇಳಿಬಿಡುತ್ತಿದ್ದೇನೆ. ಅದರ ಬಾಳು ಮುಗಿದಿಲ್ಲ. ಅದರತ್ತ ಕಣ್ಣೆತ್ತಿಯೂ ನೋಡಬೇಡ.

ಇಷ್ಟಕ್ಕೆ ಒಪ್ಪಿದರೆ ಬಾ. ಅವಳ ಮೂಗು ನಿನ್ನದೇ, ಪಾಪ.

ಗ್ಲೆನಿಸ್


ಬ್ರೋಕನ್ ಹಿಲ್
4 ಮೇ

ಗ್ಲೆನಿಸ್,

ಕ್ಷೇಮವಾಗಿ ಬಂದು ಸೇರಿದೆ. ಹಡಗಿನಲ್ಲಿ ನನ್ನ ಪಕ್ಕ ಕೂತವನೊಬ್ಬ ಮೆಲ್ಬರ್ನ್‌ವರೆಗೂ ಗಾಲ್ಫ್ ಬಗ್ಗೆ ಮಾತಾಡಿದ. ಸಮುದ್ರ ಶಾಂತವಾಗಿತ್ತು, ಅದೇ ದುರದೃಷ್ಟ. ಅಲೆ ಎದ್ದಿದ್ದರೆ ವಾಂತಿಯಾದರೂ ಮಾಡಿಕೊಂಡು ಬಾಯಿ ಮುಚ್ಚುತ್ತಿದ್ದ.

ನಿನ್ನ ಮನೆಯ ಬಗ್ಗೆ ಹೇಳುವುದು ಬಹಳವಿಲ್ಲ. ತಣ್ಣಗಿದೆ, ಇಕ್ಕಟ್ಟಾಗಿದೆ, ಹಾಲ್‌ನಲ್ಲಿ ಬಿಚ್ಚಿಹಾಕಿದ ಪಿಯಾನೋದ ಹೆಣ ಬಿದ್ದಿದೆ. ನಿನ್ನ ಗಂಡ ಎಲೆಕೋಸು ತುರಿದು ಚೀಸ್ ಕಲಸಿ 'ನಿಮ್ಮೂರಿನ ಚೀಸ್ ಸ್ಲಾ ಮಾಡಿದ್ದೀನಿ ಮಾವ' ಎಂದು ಮುಂದಿಟ್ಟನಲ್ಲ, ಅದನ್ನು ನಮ್ಮೂರಿನ ಯಾವ ಕ್ಲಬ್ಬಿನಲ್ಲಿ ಬಡಿಸಿದ್ದರೂ ಅಡುಗೆಯವನನ್ನು ಹೊರಗೆ ಹಾಕುತ್ತಿದ್ದರು. ತಿಂದೆ. ಷರತ್ತುಗಳಲ್ಲಿ ಒಂದನ್ನೂ ಮೀರಲಿಲ್ಲ ಎಂದು ನೀನೇ ಬಸ್ ನಿಲ್ದಾಣದಲ್ಲಿ ಹೇಳಿದೆ. ದಾದಿ ಬಂದಾಗ ಎರಡು ಸಲ ನಾಲಿಗೆ ಕಚ್ಚಿಕೊಂಡೆ.

ಕೂಸು ಪರವಾಗಿಲ್ಲ. ನನ್ನ ತೋಳಿನ ಮೇಲೆ ಮಲಗಿದ್ದಾಗ ಒಮ್ಮೆ ಸೀನಿ, ಯಾರು ಸೀನಿದ್ದು ಎಂದು ನನ್ನನ್ನೇ ಗದರಿಸುವ ಹಾಗೆ ನೋಡಿದಳು. ಬುದ್ಧಿ ಇದೆ. ಆ ಬುದ್ಧಿ ಯಾರ ಕಡೆಯದು ಎಂದು ವಿಚಾರಿಸುವ ಅಗತ್ಯವಿಲ್ಲ. ಒಂದು ಮಧ್ಯಾಹ್ನ ನೀವಿಬ್ಬರೂ ಪೇಟೆಗೆ ಹೋಗಿ ಅವಳನ್ನು ನನಗೆ ಒಪ್ಪಿಸಿದಿರಲ್ಲ, ಅವತ್ತು ಅವಳು ಒಂದು ಸಲವೂ ಅಳಲಿಲ್ಲ, ಇದನ್ನು ಬರೆದಿಟ್ಟುಕೋ.

ನಿನ್ನೆ ಸಂಘ ಸೇರಿತ್ತು. ನಾನು ಪೆಟ್ಟಿಗೆ ತೆರೆದೆ. ಲಾಬ್‌ನ ಕಣ್ಣು ಸಾಲುಸಾಲಾಗಿ ಇಳಿದು ತೊಂಬತ್ತೈದರ ಮೇಲೆ ನಿಂತಿತು. ಅವನ ಟೀ ಲೋಟ ತಟ್ಟೆಯ ಮೇಲೆ ಗಡಗಡ ಅಂತು.

"ಎಲ್ಲಿ ಹೊಡ್ದೆಯೋ ಇದನ್ನ?" ಅಂದ.

"ಒಳ್ಳೇ ಮನೆತನದ್ದು ಕಣೋ. ಹಳೇ ಆಳು, ಬೇಕಾದಷ್ಟು ವರ್ಷ ದುಡಿದಿದೆ" ಅಂದೆ.

"ಕಾಸು ಕೊಟ್ಟು ತಂದಿಲ್ಲ ತಾನೆ?"

"ನನ್ನ ಕೈಯಾರೆ ಬಿಡಿಸಿದ್ದು."

ಮೂವತ್ತು ವರ್ಷದಲ್ಲಿ ಮೊದಲ ಸಲ ಕೀತ್ ಲಾಬ್ ಸಭೆ ಮುಗಿಯುವ ಮೊದಲೇ ಎದ್ದು ಹೋದ. ನಿನ್ನ ಮನೆಯ ಚಳಿಯನ್ನೆಲ್ಲ ಕ್ಷಮಿಸಿದ್ದೇನೆ.

ಮಗುವಿನ ತೂಕ ಬರೆ.

ನಿನ್ನ ತಂದೆ,
ಸಿರಿಲ್ ಪ್ಯಾಸ್ಕೊ


ಹೋಬಾರ್ಟ್
19 ಮೇ

ಸಿರಿಲ್ ಪ್ಯಾಸ್ಕೊ ಅವರಿಗೆ,

ಅಪ್ಪ ಎಂದು ಬರೆಯಲು ಕೈ ಬರುತ್ತಿಲ್ಲ.

ಹೋದ ಗುರುವಾರ ಮಧ್ಯಾಹ್ನ ಟೆಸ್‌ಳನ್ನು ಮಲಗಿಸಿ ನಾನೂ ಸೋಫಾದ ಮೇಲೆ ಕಣ್ಣು ಮುಚ್ಚಿದೆ. ಒಲೆಯ ಮುಂದೆ ಬಟ್ಟೆ ಒಣಗಲು ಹಾಕಿದ್ದೆ. ಒಂದು ಟವೆಲ್ ಜಾರಿ ಒಲೆಯ ಮೇಲೆ ಬಿತ್ತು. ಉರಿ ಏಳಲಿಲ್ಲ, ಹೊಗೆಯಾಡಿತು. ಒದ್ದೆ ಬಟ್ಟೆಯ ದಪ್ಪ ಹೊಗೆ ಹಾಲ್‌ನಲ್ಲೆಲ್ಲ ತುಂಬಿ ಟೆಸ್‌ಳ ಕೋಣೆಗೆ ನುಗ್ಗಿತು. ನನಗೆ ಎಚ್ಚರವಾಗಲಿಲ್ಲ. ಪಕ್ಕದ ಮನೆಯ ಮಿಸೆಸ್ ಡಾಬ್ಸನ್ ಬಟ್ಟೆ ಹರವುತ್ತಿದ್ದವರು ನಮ್ಮ ಕಿಟಕಿಯ ಸಂದಿಯಲ್ಲಿ ಹೊಗೆ ಕಂಡು, ಬೇಲಿ ದಾಟಿ ಬಂದು ಗಾಜು ಬಡಿದರು. "ಮಗು! ಮಗು ಎಲ್ಲಿ ಗ್ಲೆನಿಸ್?" ಎಂದು ಕೂಗುತ್ತಿದ್ದರು. ನಾನು ಅವಳನ್ನು ಎತ್ತಿಕೊಂಡಾಗ ತುಟಿ ನೀಲಿಯಾಗಿತ್ತು. ಅಳುತ್ತಿರಲಿಲ್ಲ. ನೀವು ಬರೆದಿಟ್ಟುಕೋ ಎಂದಿರಲ್ಲ, ಅಳಲಿಲ್ಲ ಎಂದು. ಬರೆದಿಟ್ಟುಕೊಂಡಿದ್ದೇನೆ.

ನಾಲ್ಕು ದಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿ ಇಟ್ಟಿದ್ದರು. ನಿನ್ನೆ ಮನೆಗೆ ಕಳಿಸಿದರು. ಬದುಕಿದ್ದಾಳೆ.

ಅಲಾರಂ ಯಾಕೆ ಕೂಗಲಿಲ್ಲ ಎಂದು ರಸೆಲ್ ಅದನ್ನು ಇಳಿಸಿದ. ಅದರ ಕೆಂಪು ದೀಪ ಆಗಲೂ ಮಿನುಗುತ್ತಿತ್ತು. ಒಳಗೆ ಬೇಳೆಕಾಳು ಇರಲಿಲ್ಲ. ಅದು ಹೋಯಿತು ಅಂದರೆ ಯಂತ್ರ ಎಡೆಬಿಡದೆ ಅರಚುತ್ತದಂತೆ, ಅದು ನಿಮಗೆ ಗೊತ್ತಿತ್ತು. ಅದಕ್ಕೇ ಕೂಗುವ ತಂತಿಯನ್ನೂ ಕತ್ತರಿಸಿದ್ದೀರಿ. ದೀಪದ ತಂತಿಯನ್ನು ಮಾತ್ರ ಬಿಟ್ಟಿದ್ದೀರಿ, ನಾವು ದಿನವೂ ತಲೆಯೆತ್ತಿ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಲಿ ಅಂತ. ಎಷ್ಟು ಅಚ್ಚುಕಟ್ಟು ಕೆಲಸ! ಮಗುವನ್ನು ನಿಮ್ಮ ಕೈಗೆ ಒಪ್ಪಿಸಿ ಹೋದ ಆ ಮಧ್ಯಾಹ್ನ ತಾನೆ? ಅವಳನ್ನು ಎಲ್ಲಿ ಮಲಗಿಸಿದ್ದಿರಿ, ಏಣಿಯ ಬುಡದಲ್ಲೋ?

ಕಳ್ಳನೊಬ್ಬ ನುಗ್ಗಿದ್ದರೆ ರಸೆಲ್‌ನ ಗಡಿಯಾರ ಒಯ್ಯುತ್ತಿದ್ದ, ನನ್ನ ಉಂಗುರ ಒಯ್ಯುತ್ತಿದ್ದ. ಕಳ್ಳನಿಗೂ ಒಂದು ಮರ್ಯಾದೆ ಇರುತ್ತದೆ.

ಕೀತ್ ಲಾಬ್‌ಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮಗಳ ಉಸಿರಿನ ಬೆಲೆಗೆ ಅವರ ಟೀ ಲೋಟ ಗಡಗಡ ಅಂದದ್ದು ಕೇಳಿ ಸಂತೋಷವಾಯಿತು.

ಗ್ಲೆನಿಸ್ ಆರ್ಚರ್


ಬ್ರೋಕನ್ ಹಿಲ್
28 ಮೇ

ಗ್ಲೆನಿಸ್,

ಮೊದಲನೆಯದಾಗಿ, ಉರಿಯುವ ಒಲೆಯ ಮುಂದೆ ಬಟ್ಟೆ ಹರವುವುದು ಎಂಥ ಬುದ್ಧಿವಂತಿಕೆ? ಅದನ್ನು ನಾನು ಮಾಡಲಿಲ್ಲ. ಎರಡನೆಯದಾಗಿ, ಮನೆಯಲ್ಲಿ ಒಂದೇ ಒಂದು ಅಲಾರಂ ಇಟ್ಟುಕೊಂಡ ಗಂಡಸನ್ನು ಏನೆಂದು ಕರೆಯಬೇಕೋ ನೀನೇ ಹೇಳು. ಪಿಯಾನೋಗೆ ಅಷ್ಟೊಂದು ತಂತಿ ಬಿಗಿಯುವವನಿಗೆ ಗೋಡೆಗೆ ಎರಡು ಮೊಳೆ ಹೊಡೆಯಲು ಬಾರದೆ?

ಆ ಯಂತ್ರ ಹಳೆಯದು. ಅದರ ಬೆನ್ನ ಮೇಲೆ ಇಸವಿ ಇತ್ತು, ಹತ್ತು ವರ್ಷ ದಾಟಿತ್ತು. ನಮ್ಮ ಲೆಕ್ಕದಲ್ಲಿ ಅದರ ಬಾಳು ಮುಗಿದ ಹಾಗೆಯೇ. ಬಿಚ್ಚಿದ್ದು ಶುಕ್ರವಾರ. ಮರುದಿನವೇ ಹೊಸದನ್ನು ತಂದು ಹಾಕುವವನಿದ್ದೆ. ಶನಿವಾರ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆಂಜಾಕ್ ದಿನ, ಇಡೀ ಹೋಬಾರ್ಟ್ ಪದಕ ತೂಗಿಸಿಕೊಂಡು ಮೆರವಣಿಗೆಯಲ್ಲಿತ್ತು, ಒಂದು ಅಂಗಡಿಯೂ ತೆರೆದಿರಲಿಲ್ಲ. ಭಾನುವಾರ ನನ್ನ ಬಸ್ಸು. ಇದರಲ್ಲಿ ಪಾತಕ ಎಲ್ಲಿದೆ? ಅನನುಕೂಲ ಇದೆ, ಅಷ್ಟೆ. ನಿನಗೆ ಚಿಕ್ಕಂದಿನಿಂದಲೂ ಎಲ್ಲದರಲ್ಲೂ ನಾಟಕ ಬೇಕು, ನಿನ್ನ ಅಮ್ಮನ ಹಾಗೆ.

ಆರು ಹೊಸ ಅಲಾರಂ ಪಾರ್ಸೆಲ್ ಮಾಡಿದ್ದೇನೆ. ಒಂದನ್ನು ಹಾಲ್‌ನಲ್ಲಿ, ಒಂದನ್ನು ಅಡುಗೆಮನೆಯ ಬಾಗಿಲಲ್ಲಿ, ಒಂದನ್ನು ಅವಳ ತೊಟ್ಟಿಲ ಮೇಲೆಯೇ ಹಾಕಿ. ಮೊಳೆಗಳನ್ನೂ ಇಟ್ಟಿದ್ದೇನೆ, ಅವನ ಹತ್ತಿರ ಇರಲಾರವು.

ಡಾಕ್ಟರು ಎದೆಯ ಚಿತ್ರ ತೆಗೆದರೇ? ಎರಡೂ ಕಡೆ ತೆಗೆಯಬೇಕು. ಈಗಲೂ ಕೆಮ್ಮುತ್ತಾಳೆಯೇ? ಹಾಲು ಕುಡಿಯುವಾಗ ಉಸಿರು ಕಟ್ಟುತ್ತದೆಯೇ? ಉತ್ತರ ಬರೆ. ಬೈಯುವುದಿದ್ದರೆ ಅದೇ ಕಾಗದದಲ್ಲಿ ಬೈದುಬಿಡು, ಅಂಚೆ ಖರ್ಚು ಉಳಿಯುತ್ತದೆ.

ನಿನ್ನ ತಂದೆ,
ಸಿರಿಲ್ ಪ್ಯಾಸ್ಕೊ


ಬ್ರೋಕನ್ ಹಿಲ್
21 ಜೂನ್

ಗ್ಲೆನಿಸ್,

ಪಾರ್ಸೆಲ್ ತಲುಪಿತು ಎಂದು ಅಂಚೆಯವರು ಹೇಳುತ್ತಾರೆ. ಫೋನ್ ಮಾಡಿದರೆ ನಿನ್ನ ಗಂಡ ಎತ್ತಿ, "ಅವಳು ಮಾತಾಡಲ್ಲ ಮಾವ" ಎಂದು ಇಡುತ್ತಾನೆ. ಎರಡನೆಯ ಸಲ ನಾನೇ ಕೇಳಿದೆ, "ಕೆಮ್ಮು ಹೇಗಿದೆಯೋ ಅಷ್ಟಾದರೂ ಹೇಳೋ" ಎಂದು. "ಅದನ್ನ ಹೇಳೋದೂ ಬಿಡೋದೂ ಅವಳಿಗೆ ಬಿಟ್ಟಿದ್ದು" ಅಂದ. ಅವನಿಗೂ ಬೆನ್ನೆಲುಬು ಇದೆ ಎಂದು ಗೊತ್ತಾದದ್ದು ಇಂಥ ಹೊತ್ತಿನಲ್ಲಿ.

ಕೆಮ್ಮು ಇದೆಯೋ ಇಲ್ಲವೋ, ಒಂದೇ ಒಂದು ಮಾತು ಬರೆ.

ಸಿ. ಪ್ಯಾಸ್ಕೊ


ಹೋಬಾರ್ಟ್
2 ಆಗಸ್ಟ್

ಅಪ್ಪಾ,

ಕೆಮ್ಮು ಹೋಗಿದೆ. ಎದೆ ತಿಳಿಯಾಗಿದೆ ಎಂದು ಹೋದ ವಾರ ಡಾಕ್ಟರು ಹೇಳಿದರು. ಅವಳು ಹೇಗಿದ್ದಾಳೆ ಎಂದು ನಿನಗೆ ತಿಳಿಸಬಾರದು ಎಂದೇ ಎರಡು ತಿಂಗಳು ಸುಮ್ಮನಿದ್ದೆ. ನೀನು ಒದ್ದಾಡಲಿ ಎಂದು ಬೇಕೆಂದೇ ಮಾಡಿದ್ದು. ರಸೆಲ್ "ಸಾಕು ಬಿಡು, ಮುದುಕರು" ಅಂದ. ಆ ಮನುಷ್ಯನ ಬಗ್ಗೆಯೇ ನೀನು ಬಾಯಿಗೆ ಬಂದದ್ದು ಬರೆಯುತ್ತೀಯ.

ಅಲಾರಂಗಳನ್ನು ಹಾಕಿದ್ದೇವೆ. ಅವು ಏನು ತಪ್ಪು ಮಾಡಿವೆ?

ಆಂಜಾಕ್ ದಿನ ಅಂಗಡಿ ಮುಚ್ಚಿತ್ತು, ಒಪ್ಪಿದೆ. ಸೋಮವಾರ? ಮಂಗಳವಾರ? ಒಂದು ಫೋನು ಮಾಡಿ, 'ಗ್ಲೆನಿಸ್, ಒಂದು ಕೆಟ್ಟ ಕೆಲಸ ಮಾಡಿದ್ದೇನೆ, ಇವತ್ತೇ ಹೊಸದು ತಂದು ಹಾಕು' ಎನ್ನಲು ಎಷ್ಟು ಹೊತ್ತು ಬೇಕಿತ್ತು? ನೀನು ಆ ವಾರ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಭಾನುವಾರ ಲಾಬ್‌ನ ಮುಖ ನೋಡಲು ಕಾಯುತ್ತಿದ್ದೆ. ಒಲೆಯ ಮುಂದೆ ಟವೆಲ್ ಹಾಕಿದ್ದು ನಾನು, ಅದನ್ನು ನೀನು ಹೇಳಿಕೊಡಬೇಕಾಗಿಲ್ಲ, ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನೀನು ನಿನಗೆ ಏನು ಹೇಳಿಕೊಳ್ಳುತ್ತೀಯ? ಅನನುಕೂಲ ಎಂದೇ?

ಇಲ್ಲಿಗೆ ನೀನು ಬರುವುದು ಬೇಡ. ಟೆಸ್‌ಳನ್ನು ನಾವು ಅಲ್ಲಿಗೆ ಕರೆತರುವುದೂ ಇಲ್ಲ.

ಕೆಲವು ಧಾತುಗಳು ಅರ್ಧ ಗಂಟೆಯೂ ಬಾಳುವುದಿಲ್ಲ, ಅವನ್ನು ಯಾರೂ ಕೈಯಲ್ಲಿ ಹಿಡಿದು ಇಟ್ಟುಕೊಳ್ಳಲಾರರು, ಅಂಥವುಗಳ ಗೂಡಿನಲ್ಲಿ ಒಂದು ಚಿತ್ರ ಕತ್ತರಿಸಿ ಅಂಟಿಸುತ್ತೇವೆ ಎಂದು ಚಿಕ್ಕವಳಿದ್ದಾಗ ನನಗೆ ಹೇಳಿದ್ದೆ. ಇದರೊಂದಿಗೆ ಒಂದು ಫೋಟೋ ಇಟ್ಟಿದ್ದೇನೆ. ಟೆಸ್‌ಳದ್ದು, ಹೋದ ಭಾನುವಾರ ತೆಗೆದದ್ದು. ಗೂಡಿನ ಅಳತೆಗೆ ನಾನೇ ಕತ್ತರಿಸಿದ್ದೇನೆ. ಅಂಟಿಸಿಕೋ.

ಗ್ಲೆನಿಸ್


ಬ್ರೋಕನ್ ಹಿಲ್
16 ಆಗಸ್ಟ್

ಗ್ಲೆನಿಸ್,

ಕಾಗದ ಬಂತು. ಎದೆ ತಿಳಿಯಾಗಿದೆ ಎಂಬ ಸಾಲನ್ನು ಓದಿ ಹೊರಗೆ ಹೋಗಿ ಕೋಳಿಗಳಿಗೆ ನೀರು ಹಾಕಿ ಬಂದೆ. ಆಮೇಲೆ ಉಳಿದದ್ದನ್ನು ಓದಿದೆ.

ಈ ತಿಂಗಳು ಸಂಘ ಸೇರಿದಾಗ, ನಿನ್ನ ಈ ಕಾಗದ ಬರುವ ಮೊದಲೇ, ಎಲ್ಲ ಹೇಳಿಬಿಟ್ಟೆ. ಸುಳ್ಳು ಬೆರೆಸಲಿಲ್ಲ, ತಂತಿ ಕತ್ತರಿಸಿದ್ದನ್ನೂ ಹೇಳಿದೆ. ಬೇಳೆಕಾಳನ್ನು ತೊಂಬತ್ತೈದರಿಂದ ತೆಗೆದು, ಅದರ ಚಿಕ್ಕ ಡಬ್ಬಿಯ ಸಮೇತ ಲಾಬ್‌ನ ಮುಂದೆ ಹಿಡಿದೆ. ಇದಕ್ಕಾಗಿ ಅವನು ಎಷ್ಟು ವರ್ಷದಿಂದ ಬಾಯಿಬಿಡುತ್ತಿದ್ದ ಎಂದು ನಿನಗೆ ಗೊತ್ತಿಲ್ಲ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಸತ್ತಿದ್ದರಿಂದ ತಗೋಬೇಕು ಸಿರಿಲ್, ಬದುಕಿರೋದ್ರಿಂದ ಕಿತ್ಕೋತಾರೇನಯ್ಯ?" ಅಂದ. "ಅದೂ ಕೂಸಿನ ತಲೆ ಮೇಲಿಂದ! ಥೂ."

ಕೀತ್ ಲಾಬ್, ಆ ಉಬ್ಬು ಕಪ್ಪೆ, ನನಗೆ ಥೂ ಎಂದ. ಅವನು ಹೇಳಿದ್ದು ಸರಿ. ಅವನು ಸರಿ ಎಂದು ಬರೆಯುವುದು ನನಗೆ ಎಂಥ ಕಷ್ಟ ಎಂದು ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೇನೆ. ಸಂಘದಿಂದ ನನ್ನನ್ನು ತೆಗೆದರು, ಮುಂದಿನ ತಿಂಗಳಿಂದ ನಾನು ಆ ಹಾಲ್‌ಗೆ ಹೋಗುವಂತಿಲ್ಲ.

ಯಂತ್ರ ಹಳೆಯದಾಗಿತ್ತು ಎಂದು ಬರೆದದ್ದು ನೆಪ. ನಾನು ಏಣಿ ಹತ್ತುವ ಮೊದಲು ಒಂದು ಬೆಂಕಿಕಡ್ಡಿ ಗೀರಿ ಆರಿಸಿ ಅದರ ಕೆಳಗೆ ಹಿಡಿದು ನೋಡಿದ್ದೆ. ಚೆನ್ನಾಗಿಯೇ ಕೂಗಿತು. ಟೆಸ್ ಎಚ್ಚೆತ್ತಳು. ಅವಳನ್ನು ತಟ್ಟಿ ಮಲಗಿಸಿ ಆಮೇಲೆ ಬಿಚ್ಚಿದೆ. ಸೋಮವಾರ ಫೋನ್ ಎತ್ತಿಕೊಂಡು ನಿಂತಿದ್ದೆ. ನೀನು ಬೈಯುತ್ತೀಯ, ಮತ್ತೆ ಬರಬೇಡ ಎನ್ನುತ್ತೀಯ ಎಂದು ಕೆಳಗಿಟ್ಟೆ. ನನ್ನಂಥ ಹೇಡಿಯನ್ನು ಈ ಊರಿನಲ್ಲಿ ನಾನು ನೋಡಿಲ್ಲ, ಗಾಲ್ಫ್ ಆಡುವವರನ್ನೂ ಸೇರಿಸಿ.

ಇನ್ನು ಫೋಟೋ. ಅಳತೆ ಸರಿಯಾಗಿದೆ, ಅಂಚು ನೇರವಾಗಿ ಕತ್ತರಿಸಿದ್ದೀಯ, ನನ್ನ ಕೈಯೇ ಬಂದಿದೆ. ಆದರೆ ನಮ್ಮ ಪದ್ಧತಿಯನ್ನು ನೀನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೀಯ. ಚಿತ್ರ ಅಂಟಿಸುವುದು ಸಿಗದ ವಸ್ತುವಿಗಲ್ಲ. ಇನ್ನು ಸಿಗುವ ಆಸೆಯೇ ಇಲ್ಲ ಎಂದು ಕೈಬಿಟ್ಟದ್ದಕ್ಕೆ. ನಾನು ಅಂಟಿಸಿಲ್ಲ. ಅಡುಗೆಮನೆಯಲ್ಲಿ ಟೀ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಮೂಗು ನಿಜವಾಗಿಯೂ ನನ್ನದೇ, ಪಾಪ.

ಮುಂದಿನ ತಿಂಗಳ ಹತ್ತನೇ ತಾರೀಕಿನ ಹಡಗಿಗೆ ಟಿಕೆಟ್ ತೆಗೆದಿದ್ದೇನೆ. ನೀನು ಬಾಗಿಲು ತೆಗೆಯಬೇಕಾಗಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಮೊದಲು ಮಿಸೆಸ್ ಡಾಬ್ಸನ್ ಮನೆಗೆ ಹೋಗುತ್ತೇನೆ. ಆ ಹೆಂಗಸಿಗೆ ನಾನು ಹೇಳಬೇಕಾದದ್ದಿದೆ, ಕಾಗದದಲ್ಲಿ ಹೇಳುವಂಥದ್ದಲ್ಲ. ಆಮೇಲೆ ಬೇಲಿಯ ಆ ಕಡೆ ನಿಂತಿರುತ್ತೇನೆ. ಮಧ್ಯಾಹ್ನ ಟೆಸ್‌ಳನ್ನು ಬಿಸಿಲಿಗೆ ಕರೆತರುವ ಅಭ್ಯಾಸ ನಿನಗಿದೆ. ಅವತ್ತು ಕರೆತರದೆ ಇದ್ದರೆ ಮರುದಿನ ಬರುತ್ತೇನೆ.

ಅಪ್ಪ